ಎಪ್ಪತ್ತನೆಯ ವಾರ

ಚಂದಾಪುರ
8 ಫೆಬ್ರವರಿ 2026

ಪೂಜ್ಯ ಕಾಕಾನವರಿಗೆ ಯಮುನಾಳ ವಂದನೆಗಳು.

ನಿಮಗೆ ಕಾಗದ ಬರೆಯದೆ ವರ್ಷವಾಗುತ್ತ ಬಂತು. ಫೋನು ಮಾಡಿದರೆ ನಿಮಗೆ ಕಿವಿ ಕೇಳಿಸದು. ಕಾಕು ಪಾಟಿಯ ಮೇಲೆ ಬರೆದು ತೋರಿಸುವಷ್ಟರಲ್ಲಿ ನಾನು ಹೇಳಿದ್ದರಲ್ಲಿ ಅರ್ಧವನ್ನು ಅವರೇ ಇಟ್ಟುಕೊಂಡಿರುತ್ತಾರೆ. ಈ ವಿಷಯ ಪೂರ್ತಿಯಾಗಿ ನಿಮ್ಮ ಕೈಗೇ ಸೇರಬೇಕು.

ನಿಮ್ಮ ಅಳಿಯ ರುದ್ರೇಶ್ ಎರಡು ವರ್ಷದಿಂದ ಇಲ್ಲಿನ ಒಂದು ಪ್ರಾರ್ಥನಾ ಕೂಟಕ್ಕೆ ಹೋಗುತ್ತಿದ್ದಾರೆ. ಹಿಂದಿನ ರಸ್ತೆಯಲ್ಲಿ ಗೋಡೌನಿನ ಮೇಲೆ ಶೀಟು ಹಾಕಿದ ಹಾಲ್ ಇದೆ, ಅಲ್ಲಿ. ಬರುವವರೆಲ್ಲ ನಮ್ಮಂಥವರೇ. ರಾಯಚೂರು, ಕಲಬುರಗಿ, ಗದಗ ಕಡೆಯಿಂದ ಬಂದು ಬೊಮ್ಮಸಂದ್ರ, ಜಿಗಣಿಯ ಫ್ಯಾಕ್ಟರಿಗಳಲ್ಲಿ ದುಡಿಯುವವರು. ನಡೆಸುವವರ ಹೆಸರು ಶಶಿಕುಮಾರ್. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ, ತಯಾರಾದ ಬಿಡಿಭಾಗಗಳ ಅಳತೆ ಸರಿಯಿದೆಯೇ ಎಂದು ಪರೀಕ್ಷಿಸುವ ಕೆಲಸ. ಕೆಟ್ಟವರಲ್ಲ ಕಾಕಾ. ಯಾರ ಹತ್ತಿರವೂ ಕಾಣಿಕೆ ಕೇಳುವುದಿಲ್ಲ. ಯಾರಿಗಾದರೂ ಜ್ವರ ಬಂದರೆ ತಾವೇ ಗಂಜಿ ಹಿಡಿದು ಹೋಗುತ್ತಾರೆ. ಅದಕ್ಕೇ ಜನ ಅವರನ್ನು ನಂಬುತ್ತಾರೆ.

ಅವರು ಬೈಬಲಿನ ದಾನಿಯೇಲನ ಎಪ್ಪತ್ತು ವಾರಗಳ ಲೆಕ್ಕ ಹಾಕಿ, ಕರ್ತನು ಬಂದು ತನ್ನ ಸಭೆಯನ್ನು ಮೇಲಕ್ಕೆ ಎತ್ತಿಕೊಳ್ಳುವ ದಿನವನ್ನು ಹೇಳಿದ್ದಾರೆ. ಬರುವ ಮೇ ಹತ್ತು, ಭಾನುವಾರ. "ಸಿಸ್ಟರ್, ನಾನು ಮೈಕ್ರಾನ್ ಲೆಕ್ಕದಲ್ಲಿ ನೋಡೋನು. ಸುಮ್‌ಸುಮ್ನೆ ಬಾಯಿಗೆ ಬಂದಿದ್ದು ಹೇಳಲ್ಲ" ಎಂದರು. ಅವರ ಮುಖ ನೋಡಿದರೆ ನಗು ಬರಲಿಲ್ಲ, ಹೆದರಿಕೆಯಾಯಿತು.

ನೀವು ಐವತ್ತು ವರ್ಷ ಸಭಾಪಾಲಕರಾಗಿದ್ದವರು. ಊರೂರಿಗೆ ಸೈಕಲ್ ಮೇಲೆ ಹೋಗಿ ದಾನಿಯೇಲ, ಪ್ರಕಟನೆಗಳ ಅರ್ಥ ಹೇಳಿದವರು. ಈ ಲೆಕ್ಕದಲ್ಲಿ ತಪ್ಪು ಎಲ್ಲಿದೆ ಎಂದು ದಯವಿಟ್ಟು ಬರೆದು ಕಳಿಸಿ. ರುದ್ರೇಶ್ ನಿಮ್ಮ ಮಾತನ್ನು ಮೀರುವುದಿಲ್ಲ.

ಮಗು ಶಾಂತಿ ಚೆನ್ನಾಗಿದ್ದಾಳೆ. ಸ್ವಲ್ಪ ಕೆಮ್ಮು, ಅಷ್ಟೇ.

ನಿಮ್ಮ ಮಗಳು,
ಯಮುನಾ

*

ಬೆಟಗೇರಿ
17 ಫೆಬ್ರವರಿ 2026

ಚಿರಂಜೀವಿ ಯಮುನಾಳಿಗೆ ಕಾಕಾನ ಆಶೀರ್ವಾದ.

ಕಾಗದ ತಲುಪಿತು. ಓದಿ ನಾನು ನಕ್ಕ ಸದ್ದಿಗೆ ನಿನ್ನ ಕಾಕು ಚನ್ನಕ್ಕ ಅಡುಗೆಮನೆಯಿಂದ ಓಡಿಬಂದಳು. ಕಿವುಡನ ನಗು ಜೋರಿರುತ್ತದಂತೆ.

ಹೆದರಬೇಡ. ಇಂಥ ಲೆಕ್ಕಗಳನ್ನು ನಾನು ಬಹಳ ಕಂಡಿದ್ದೇನೆ. ಒಬ್ಬ ದಿನವನ್ನು ವರ್ಷವೆನ್ನುತ್ತಾನೆ, ಇನ್ನೊಬ್ಬ ವಾರವನ್ನು ಏಳು ವರ್ಷವೆನ್ನುತ್ತಾನೆ, ಮತ್ತೊಬ್ಬ ತನಗಾಗದ ರಾಜನನ್ನು ತಂದು ದಾನಿಯೇಲ ಕನಸಿನಲ್ಲಿ ಕಂಡ ಮೃಗದ ಹತ್ತನೆಯ ಕೊಂಬಿಗೆ ಕಟ್ಟುತ್ತಾನೆ. ಎಲ್ಲರ ಲೆಕ್ಕವೂ ಅವರವರ ಕಾಲಕ್ಕೇ ಬಂದು ನಿಲ್ಲುತ್ತದೆ. ಯಾರ ಲೆಕ್ಕವೂ ತಾನು ಸತ್ತ ನೂರು ವರ್ಷದ ಮೇಲೆ ನಿಂತದ್ದನ್ನು ನಾನು ನೋಡಿಲ್ಲ.

ಆದರೆ ಒಂದು ಮಾತು. ಲೆಕ್ಕ ಹಾಕುವವರನ್ನು ನಾನು ಹೀಯಾಳಿಸುವುದಿಲ್ಲ. ಪರದೇಶದಲ್ಲಿ ಸೆರೆಯಾಳಾಗಿದ್ದ ದಾನಿಯೇಲನೆಂಬ ಒಬ್ಬ ಮುದುಕ ಕಿಟಕಿ ತೆರೆದು ಪ್ರಾರ್ಥಿಸುತ್ತಾನೆ. ಸಂಜೆಯ ಬಲಿ ಅರ್ಪಿಸುವ ಹೊತ್ತಿಗೆ ದೂತ ಬಂದು ನಿನ್ನ ಜನಕ್ಕೆ ಎಪ್ಪತ್ತು ವಾರ ನೇಮಕವಾಗಿದೆ ಎನ್ನುತ್ತಾನೆ. ಅರವತ್ತೊಂಬತ್ತು ವಾರ ಅಭಿಷಿಕ್ತನಾದ ಕ್ರಿಸ್ತನವರೆಗೆ ಸಂದುಹೋಯಿತು ಎಂದು ನಮ್ಮ ಹಿರಿಯರು ಓದಿದರು. ಉಳಿದದ್ದು ಒಂದು. ಆ ಕಡೆಯ ವಾರ ಯಾವಾಗ ಆರಂಭವಾಗುತ್ತದೆ ಎಂಬುದೇ ಎರಡು ಸಾವಿರ ವರ್ಷದ ಪ್ರಶ್ನೆ. ಲೋಕ ಸುಮ್ಮನೆ ಉರುಳುತ್ತಿಲ್ಲ, ಯಾರೋ ಒಬ್ಬರ ಕಡೆಗೆ ನಡೆಯುತ್ತಿದೆ ಎಂದು ನಂಬಿದವನಿಗೆ ಎಷ್ಟು ದೂರ ಬಂದೆವು ಎಂದು ಕೇಳದೆ ಇರಲಾಗುವುದಿಲ್ಲ.

ಲೆಕ್ಕದ ವಿವರ ಕಳಿಸು. ಒಂದು ವಾರ ಸಾಕು, ತಪ್ಪು ಹಿಡಿದುಕೊಡುತ್ತೇನೆ. ಅದು ಎಪ್ಪತ್ತನೆಯ ವಾರವಲ್ಲ, ಸಾದಾ ವಾರ!

ಕಾಕಾ
ಸತ್ಯಮಿತ್ರ

*

ಚಂದಾಪುರ
1 ಮಾರ್ಚ್ 2026

ಪೂಜ್ಯ ಕಾಕಾ,

ನಿಮ್ಮ ಕಾಗದ ಓದಿ ಎಷ್ಟೋ ದಿನದ ಮೇಲೆ ನಕ್ಕೆ. ರುದ್ರೇಶ್ ಮಾತ್ರ ನಗಲಿಲ್ಲ. "ಕಾಕಾರು ಲೆಕ್ಕ ಇನ್ನೂ ನೋಡಿಲ್ಲಲಾ, ನೋಡಲಿ" ಎಂದರು.

ಶಶಿಕುಮಾರ್ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ಶಿಲುಬೆಯ ದಿನ ಕ್ರಿ.ಶ. 33ರ ಏಪ್ರಿಲ್ ಮೂರು. ಕರ್ತನಿಗೆ ಒಂದು ದಿನವೆಂದರೆ ಸಾವಿರ ವರ್ಷ. ಎರಡು ದಿನ ಕಳೆದ ಮೇಲೆ ಆತನು ನಮ್ಮನ್ನು ಬದುಕಿಸುವನೆಂದು ಪ್ರವಾದಿ ಹೋಶೇಯ ಹೇಳಿದ್ದಾನೆ. ಹಾಗಾಗಿ 2033ರ ಏಪ್ರಿಲ್ ಮೂರು. ಅದರ ಮುಂಚಿನ ಏಳು ವರ್ಷವೇ ಉಳಿದ ಕಡೆಯ ವಾರ. ಪ್ರವಾದನೆಯ ವರ್ಷಕ್ಕೆ ಮುನ್ನೂರ ಅರವತ್ತೇ ದಿನ. ಅಂಥ ಏಳು ವರ್ಷ, ಅಂದರೆ 2520 ದಿನ, ಹಿಂದಕ್ಕೆ ಎಣಿಸಿದರೆ ಈ ಮೇ ಹತ್ತು. ಅದು ಭಾನುವಾರ, ಕರ್ತನು ಸಾವಿನಿಂದ ಎದ್ದುಬಂದ ದಿನವೂ ಹೌದು ಎಂದು ಹೇಳಿ ಅವರು ಗೋಡೆಗೆ ತಲೆಯಾನಿಸಿ ಅತ್ತರು.

ಈಗ ನಾನು ಹೋದ ಕಾಗದದಲ್ಲಿ ಬರೆಯದ್ದನ್ನು ಬರೆಯುತ್ತೇನೆ. ಶಾಂತಿಗಿರುವುದು ಬರೀ ಕೆಮ್ಮಲ್ಲ. ಹೃದಯದ ಒಳಗೋಡೆಯಲ್ಲಿ ತೂತಿದೆ. ಐದು ತುಂಬಿದರೂ ಮೂರು ವರ್ಷದವಳಂತೆ ಕಾಣುತ್ತಾಳೆ. ವೈಟ್‌ಫೀಲ್ಡ್ ಕಡೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ತೋರಿಸುತ್ತಿದ್ದೇವೆ. ಶ್ವಾಸಕೋಶದಲ್ಲಿ ಒತ್ತಡ ಏರುತ್ತಿದೆ, ಇನ್ನು ತಡಮಾಡಿದರೆ ಆಪರೇಷನ್ ಮಾಡುವ ಸ್ಥಿತಿಯೇ ಉಳಿಯುವುದಿಲ್ಲ ಎಂದಿದ್ದಾರೆ. ಅವರು ಕೊಟ್ಟಿರುವ ದಿನ ಮೇ ಎಂಟು, ಶುಕ್ರವಾರ. ಆ ದಿನ ಬಿಟ್ಟರೆ ಮತ್ತೆ ಯಾವಾಗ ಸಿಗುತ್ತದೋ ಹೇಳಲಾರರು.

ನಿಮಗೆ ಗೊತ್ತಾದರೆ ಊಟ ಬಿಡುತ್ತೀರಿ ಎಂದು ಹೇಳಿರಲಿಲ್ಲ.

ರುದ್ರೇಶ್ ಏನನ್ನುತ್ತಾರೆ ಗೊತ್ತೇ? "ಆಪರೇಷನ್ ಆದ ಎರಡ ದಿನಕ್ಕ ಕರ್ತಾ ಬರ್ತಾನ. ಕೂಸಿಗಿ ಹೊಸಾ ಮೈ ಕೊಡ್ತಾನ. ಅದರೊಳಗ ಆಕಿ ಎದಿ ಯಾಕ ಸೀಳಸಬೇಕು? ಒಳಗ ಹ್ವಾದಾಕಿ ಹೊರಗ ಬರಲಿಲ್ಲಂದ್ರ?"

"ಭಾನುವಾರ ಬರಲಿಲ್ಲ ಅಂದ್ರ?" ಎಂದೆ.

ಅವರಿಗೆ ಕರ್ತನ ಮೇಲಿನ ನಂಬಿಕೆ ಎಷ್ಟೋ, ಆ ಆಪರೇಷನ್ ಕೋಣೆಯ ಭಯವೂ ಅಷ್ಟೇ ಇದೆ. ಯಾವುದು ಎಲ್ಲಿ ಮುಗಿಯುತ್ತದೆ ಎಂದು ಅವರಿಗೇ ಗೊತ್ತಿಲ್ಲ.

ಮನೆ ಓನರ್ ಮುನಿಯಕ್ಕ ಮೆಟ್ಟಿಲ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದರು. "ಸ್ವಾಮಿ ಬರಂಗಿದ್ರೆ ಬರ್ಲಿ ಬುಡವ್ವ. ಆಸ್ಪತ್ರೆಗೂ ಬಾಗ್ಲು ಐತಲ್ಲ, ಅಲ್ಲಿಗೇ ಬರ್ತಾನೆ. ಮಗೀನ ಇಂಗೆ ಇಟ್ಕೊಂಡು ಕುಂತ್ಕಂಡ್ರೆ ಅವ್ನು ಬಂದು ಏನಂತಾನೆ?" ಎಂದರು.

ಬೇಗ ಬರೆಯಿರಿ ಕಾಕಾ. ತಂದೆತಾಯಿ ಇಬ್ಬರೂ ಸಹಿ ಹಾಕಿದ ಕಾಗದ ಏಪ್ರಿಲ್ ಕೊನೆಯೊಳಗೆ ಆಸ್ಪತ್ರೆಗೆ ಹೋಗಬೇಕು.

ಯಮುನಾ

*

ಚಂದಾಪುರ
29 ಮಾರ್ಚ್ 2026

ಪೂಜ್ಯ ಕಾಕಾ,

ತಿಂಗಳಾಗುತ್ತ ಬಂತು, ನಿಮ್ಮಿಂದ ಉತ್ತರವಿಲ್ಲ. ಕಾಕುಗೆ ಫೋನ್ ಮಾಡಿದೆ. "ಆರಾಮ ಅದಾರವಾ. ಊಟಾ ಕಡಿಮಿ ಆಗೇದ. ಹಿತ್ತಲದಾಗ ಕುಂತು ಆಕಾಶ ನೋಡತಾರ. ಕೇಳಿದ್ರ ಏನೂ ಇಲ್ಲಂತಾರ" ಎಂದರು.

ಶಾಂತಿಯ ಸಂಗತಿ ಮುಚ್ಚಿಟ್ಟಿದ್ದಕ್ಕೆ ಕೋಪವೇ? ಬೈದಾದರೂ ಬರೆಯಿರಿ.

ಇಲ್ಲಿ ಕೂಟದಲ್ಲಿ ಜನ ಹೆಚ್ಚಿದ್ದಾರೆ. ನಾನೂ ಎರಡು ಭಾನುವಾರ ಹೋಗಿಬಂದೆ. ನಗಲು ಹೋದವಳಿಗೆ ನಗಲಾಗಲಿಲ್ಲ. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಅಣ್ಣತಮ್ಮ ಎಲ್ಲರೆದುರು ತಬ್ಬಿಕೊಂಡರು. ಒಬ್ಬಳು ಅತ್ತೆಯ ಕಾಲು ತೊಳೆದಳು. ಹಾಡುವಾಗ ಮೇಲಿನ ಶೀಟು ಕಂಪಿಸುತ್ತದೆ. ಹೊರಗೆ ಹೊಸೂರು ರಸ್ತೆಯಲ್ಲಿ ಲಾರಿಗಳು ಸಾಲುಗಟ್ಟಿ ಹೋಗುತ್ತಿರುತ್ತವೆ, ಒಳಗೆ ಇವರು ನಾಳಿದ್ದೇ ಎಲ್ಲವೂ ಬೆಳಗಾಗುತ್ತದೆಂದು ಕೈಯೆತ್ತಿ ನಿಂತಿರುತ್ತಾರೆ. ಒಂದು ಗಳಿಗೆ ನನಗೂ ಮೈ ಜುಮ್ಮೆಂದಿತು. ಮನೆಗೆ ಬಂದು ಶಾಂತಿಯ ಏದುಸಿರು ಕೇಳಿದಾಗ ಮತ್ತೆ ನೆಲಕ್ಕೆ ಬಂದೆ.

ತಪ್ಪು ಹುಡುಕಲು ಒಂದು ವಾರ ಸಾಕೆಂದಿರಿ.

ಯಮುನಾ

*

ಬೆಟಗೇರಿ
11 ಏಪ್ರಿಲ್ 2026

ಪ್ರಿಯ ಯಮುನಾ,

ಕೋಪವಿಲ್ಲ. ಮಗುವಿನ ಸುದ್ದಿ ಓದಿದ ದಿನದಿಂದ ಬೆಳಗ್ಗೆ ಎದ್ದೊಡನೆ ನನ್ನ ಬಾಯಲ್ಲಿ ಬರುವ ಮೊದಲ ಹೆಸರು ಅವಳದು.

ಲೆಕ್ಕವನ್ನು ನೋಡಿದೆ. ಒಂದು ಸಲವಲ್ಲ, ಬಹಳ ಸಲ. ಅದರಲ್ಲಿ ತಪ್ಪಿದೆ. ದಿನ ಭಾನುವಾರವಲ್ಲ. ಇಷ್ಟನ್ನು ಶಶಿಕುಮಾರನಿಗೆ ಹೇಳಬಹುದು. ಇದಕ್ಕಿಂತ ಹೆಚ್ಚು ಈಗ ಬರೆಯಲಾರೆ, ಕೇಳಬೇಡ.

ಆಪರೇಷನ್ ಆಗಲಿ. ಅವರು ಹೇಳಿದ ಶುಕ್ರವಾರವೇ ಆಗಲಿ. ಯಾರು ಏನೇ ಹೇಳಿದರೂ ಆ ದಿನವನ್ನು ಹಿಂದೆಮುಂದೆ ಮಾಡಬೇಡಿ.

ಕೆಳಗಿನದನ್ನು ರುದ್ರೇಶನಿಗೆ ಓದಲು ಕೊಡು.

ರುದ್ರೇಶ, ನೀನು ತಂದೆ. ನಿನ್ನ ಭಯ ನನಗೆ ಅರ್ಥವಾಗುತ್ತದೆ. ಕರ್ತನು ಇದೇ ಮೇ ತಿಂಗಳಲ್ಲಿ ಬರುವುದಿಲ್ಲವೆಂದು ನಾನು ನಿನಗೆ ಹೇಳುವುದಿಲ್ಲ. ಹಾಗೆ ಹೇಳಲು ನಾನು ಯಾರು? ಬರುತ್ತಾನೆಂದೇ ಇಟ್ಟುಕೋ. ಬಂದಾಗ ನಾವು ಎಲ್ಲಿರಬೇಕು? ಆತ ತನ್ನ ಬರುವಿಕೆಯ ಮಾತಾಡುವಾಗ ಹೊಲದಲ್ಲಿದ್ದ ಇಬ್ಬರ ಮಾತೆತ್ತಿದ, ಬೀಸುವ ಕಲ್ಲಿನ ಮುಂದೆ ಕೂತ ಇಬ್ಬರು ಹೆಂಗಸರ ಮಾತೆತ್ತಿದ. ಎಲ್ಲರೂ ಕೆಲಸದಲ್ಲಿದ್ದವರು. ಕೈಕಟ್ಟಿ ಕಾಯುತ್ತಿದ್ದವರ ಮಾತೆತ್ತಲಿಲ್ಲ.

ಆತ ಬರುವ ಗಳಿಗೆಯಲ್ಲಿ ನಿನ್ನ ಮಗಳ ಎದೆ ತೆರೆದಿದ್ದು, ಡಾಕ್ಟರ ಕೈ ಅದರೊಳಗಿದ್ದರೆ, ಆತನಿಗೆ ಅದರಿಂದ ಮುಜುಗರವಿಲ್ಲ. ಕುಷ್ಠದವನನ್ನು ಮುಟ್ಟಿದವನು ಆತ. ಸತ್ತ ಹುಡುಗಿಯ ಕೈಹಿಡಿದು ಎಬ್ಬಿಸಿ, ಮೊದಲು ಅವಳಿಗೆ ಊಟ ಕೊಡಿರಿ ಎಂದವನು. ಆ ಡಾಕ್ಟರ ಮಗ್ಗುಲಲ್ಲೇ ನಿಲ್ಲುತ್ತಾನೆ. ಆದರೆ ಆತ ಬಂದಾಗ ಮಗುವಿನ ಉಸಿರು ಕಟ್ಟಿದ್ದು, ತಂದೆ ನಾನು ನಿನಗಾಗಿ ಕಾದಿದ್ದೆ ಎಂದರೆ, ಆಗ ಆತನ ಮುಖ ಹೇಗಿರುತ್ತದೋ ನನಗೆ ಗೊತ್ತಿಲ್ಲ. ಆ ಮುಖ ನೋಡುವ ಧೈರ್ಯ ನನಗಿಲ್ಲ.

ಸಹಿ ಹಾಕು ಮಗನೇ.

ಸತ್ಯಮಿತ್ರ

*

ಚಂದಾಪುರ
20 ಏಪ್ರಿಲ್ 2026

ಪೂಜ್ಯ ಕಾಕಾ,

ರುದ್ರೇಶ್ ಸಹಿ ಹಾಕಿದರು. ನಿಮ್ಮ ಕಾಗದ ಬಾಗಿಲಲ್ಲೇ ನಿಂತು ಎರಡು ಸಲ ಓದಿದರು. ಆಮೇಲೆ ಒಳಗೆ ಬಂದು, "ಪೆನ್ ಎಲ್ಲೈತಿ?" ಎಂದರು. ಅಷ್ಟೇ.

ದಿನ ತಪ್ಪೆಂದು ನೀವು ಹೇಳಿದ್ದನ್ನು ಶಶಿಕುಮಾರ್ ಅವರಿಗೆ ತಿಳಿಸಿದೆ. ಅವರಿಗೆ ಸಿಟ್ಟು ಬರಲಿಲ್ಲ. "ನಿಮ್ಮ ಕಾಕಾ ದೊಡ್ಡವರು. ಎಲ್ಲಿ ತಪ್ಪು ಅಂತ ಹೇಳಿದ್ರೆ ತಿದ್ಕೋತೀನಿ" ಎಂದರು. ಕಾಕಾ ಬರೆದದ್ದು ಇಷ್ಟೇ ಎಂದೆ.

ತಪ್ಪು ಸಿಕ್ಕಿತಲ್ಲ, ನನಗೆ ಅಷ್ಟೇ ಸಾಕು. ಇಡೀ ಲೆಕ್ಕ ಬರೀ ಗಾಳಿ ಎಂದು ನಿಮಗೆ ಮೊದಲೇ ಗೊತ್ತಿತ್ತು, ರುದ್ರೇಶರ ಮನಸ್ಸಿಗೆ ನೋವಾಗದಂತೆ ಹಾಗೆ ಬರೆದಿರಿ ಎಂದುಕೊಂಡೆ. ಈಗ ನಾನು ನಿದ್ದೆ ಮಾಡುತ್ತಿದ್ದೇನೆ.

ಯಮುನಾ

*

ಚಂದಾಪುರ
14 ಮೇ 2026

ಪೂಜ್ಯ ಕಾಕಾ,

ಆಪರೇಷನ್ ಆಯಿತು, ಶಾಂತಿ ಬದುಕಿದ್ದಾಳೆ ಎಂದು ಫೋನಿನಲ್ಲಿ ಕಾಕುಗೆ ಹೇಳಿದ್ದೆ. ಅಷ್ಟನ್ನಾದರೂ ಪಾಟಿಯ ಮೇಲೆ ಸರಿಯಾಗಿ ಬರೆದಿರುತ್ತಾರೆ. ಉಳಿದದ್ದನ್ನು ನಾನೇ ಬರೆಯುತ್ತೇನೆ. ಇವತ್ತು ವಾರ್ಡಿಗೆ ಬಂದಿದ್ದೇವೆ, ಅವಳು ಮಲಗಿದ್ದಾಳೆ. ಬಟ್ಟೆ ಬದಲಿಸಿಕೊಳ್ಳಲು ಮನೆಗೆ ಬಂದವಳು ಕೂತು ಬರೆಯುತ್ತಿದ್ದೇನೆ.

ಶುಕ್ರವಾರ ಬೆಳಗ್ಗೆಯೇ ಒಳಗೆ ಕರೆದುಕೊಳ್ಳಬೇಕಿತ್ತು. ಅಷ್ಟರಲ್ಲಿ ಯಾವುದೋ ಎಳೆಗೂಸನ್ನು ತುರ್ತಾಗಿ ತಂದರು, ನಮ್ಮದು ಮಧ್ಯಾಹ್ನಕ್ಕೆ ಹೋಯಿತು. ಶಾಂತಿ ಹಸಿವೆಂದು ಅತ್ತಳು. ಆಮೇಲೆ ಹಸಿರು ಟೋಪಿ ಹಾಕಿದ ಅಣ್ಣನೊಬ್ಬ ಬಂದು, "ಬಾ ಪುಟ್ಟಿ, ಗಾಡಿ ಮೇಲೆ ರೌಂಡ್ ಹೋಗಣ" ಎಂದ. ಅವಳು ಹಿಂದಿರುಗಿ ನೋಡದೆ ಹೋದಳು.

ರುದ್ರೇಶ್ ಪ್ರಾರ್ಥನೆ ಮಾಡಲಿಲ್ಲ. ಬೆಂಚಿನ ಕಂಬಿ ಹಿಡಿದು ಕೂತಿದ್ದರು. ನಾನು ಗಡಿಯಾರ ನೋಡುತ್ತಿದ್ದೆ. ಸರಿಯಾಗಿ ಮೂರಕ್ಕೆ ನರ್ಸ್ ಬಾಗಿಲು ಸರಿಸಿ, "ಶಾಂತಿ ಕಡೆಯವರು? ಗಾಬರಿ ಆಗ್ಬೇಡಿ. ತೂತು ಮುಚ್ಚಿದಾರೆ. ಹಾರ್ಟು ಈಗ ತಾನೇ ಮತ್ತೆ ಶುರುವಾಯ್ತು" ಎಂದು ಹೇಳಿ ಒಳಗೆ ಹೋದರು. ಮತ್ತೆ ಶುರುವಾಯಿತು ಎಂದರೇನು ಎಂದು ನಮಗಿಬ್ಬರಿಗೂ ತಿಳಿಯಲಿಲ್ಲ.

ಸಂಜೆ ಡಾಕ್ಟರ್ ಮೇಡಂ ಹೊರಗೆ ಬಂದರು. ಕಣ್ಣ ಕೆಳಗೆ ಮಾಸ್ಕಿನ ಗೆರೆ ಮೂಡಿತ್ತು. ಬಿಡಿಸಿ ಹೇಳಿದರು. ತೂತು ಹೊಲಿಯಲು ಹೃದಯ ಅಲುಗದೆ ಇರಬೇಕಂತೆ. ತಣ್ಣಗಿನ ಔಷಧಿ ಕೊಟ್ಟು ಅದನ್ನು ನಿಲ್ಲಿಸುತ್ತಾರಂತೆ. ಅಷ್ಟು ಹೊತ್ತು ಮೈಗೆಲ್ಲ ರಕ್ತ ಓಡಿಸುವುದು ಹೊರಗಿನ ಒಂದು ಮಷೀನು. ನಮ್ಮ ಶಾಂತಿಯ ಎದೆ ಕಾಕಾ, ಪೂರ್ತಿ ನಿಂತುಹೋಗಿತ್ತು.

ರುದ್ರೇಶ್ ಕೇಳಿದರು, "ಮತ್ತ ಅದನ್ನ ಚಾಲೂ ಮಾಡಿದ್ಯಾರ್ರೀ ಮೇಡಂ?"

"ಯಾರೂ ಮಾಡ್ಲಿಲ್ಲ. ಬೆಚ್ಚಗಿನ ರಕ್ತ ಒಳಗೆ ಬಿಟ್ವಿ, ತಾನೇ ಶುರುವಾಯ್ತು. ಸಾಮಾನ್ಯವಾಗಿ ಆಗುತ್ತೆ. ಎಷ್ಟೋ ವರ್ಷದಿಂದ ನೋಡ್ತಿದೀನಿ. ಆದ್ರೂ ಆ ಗಳಿಗೆ ಬಂದಾಗ ಥಿಯೇಟರಲ್ಲಿ ಯಾರೂ ಮಾತಾಡಲ್ಲ."

ರುದ್ರೇಶ್ ಅಲ್ಲಿಯೇ, ಆಸ್ಪತ್ರೆಯ ಪಡಸಾಲೆಯಲ್ಲಿ, ನೆಲದ ಮೇಲೆ ಮಂಡಿಯೂರಿದರು.

ಭಾನುವಾರ ಕೂಟದವರು ಗೋಡೌನಿನ ಮಾಳಿಗೆ ಹತ್ತಿ, ಹಾಲ್‌ನ ಹೊರಗಿನ ಬಯಲಲ್ಲಿ ನಿಂತು ಕಾದರು. ಮೂರು ದಿನದಿಂದ ಉಪವಾಸವಿದ್ದರಂತೆ. ಅವತ್ತು ಬೆಳಗ್ಗೆ ಶಶಿಕುಮಾರ್ ಫೋನ್ ಮಾಡಿ, "ಬ್ರದರ್, ಮಗೂನ ಬಿಟ್ಟು ಬರ್ಬೇಡಿ. ಬರೋನು ಐಸಿಯುಗೂ ಬರ್ತಾನೆ" ಎಂದರು. ಹಾಗೆ ಹೇಳಿದವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ಕತ್ತಲಾಯಿತು, ಏನೂ ಆಗಲಿಲ್ಲ. ಒಬ್ಬೊಬ್ಬರಾಗಿ ಇಳಿದರು ಎಂದು ಮುನಿಯಕ್ಕ ಹೇಳಿದರು. "ಯಾರೂ ನಗಾಡ್ಲಿಲ್ಲ ಕಣವ್ವ. ನಮ್ಮ ಬೀದೀರು ಎಲ್ರೂ ನೀರು ಕೊಟ್ರು."

ಸೋಮವಾರ ಬೆಳಗ್ಗೆ ಆಸ್ಪತ್ರೆಯ ಗೇಟಿನಲ್ಲಿ ನೋಡುತ್ತೇನೆ, ಕೂಟದವರೇ ನಿಂತಿದ್ದಾರೆ! ಶಾಂತಿಗೆ ಕೊಟ್ಟ ರಕ್ತದ ಬದಲಿಗೆ ರಕ್ತ ಕೊಡುವವರನ್ನು ಕರೆತರಲು ಆಸ್ಪತ್ರೆಯವರು ಕೇಳಿದ್ದರು. ಅದನ್ನು ರುದ್ರೇಶ್ ಯಾರಿಗೋ ಹೇಳಿದ್ದರಂತೆ. ರಕ್ತ ತೆಗೆಯುವ ಸಿಸ್ಟರ್ ಒಬ್ಬೊಬ್ಬರನ್ನೇ ನೋಡಿ, "ಏನ್ರೀ, ಯಾರೂ ತಿಂಡಿ ತಿಂದಿಲ್ವಾ? ಮೂರು ದಿನದಿಂದ? ಇಲ್ಲೇ ಬಿದ್ಹೋಗ್ತೀರ. ಹೋಗಿ, ಮೊದ್ಲು ಹೊಟ್ಟೆ ತುಂಬ ತಿನ್ಕೊಂಡ್ ಬನ್ನಿ" ಎಂದು ಅಟ್ಟಿದರು. ಅವರು ಎದುರಿನ ದರ್ಶಿನಿಯಲ್ಲಿ ನಿಂತು ಇಡ್ಲಿ ತಿಂದರು. ಎಲ್ಲರ ಕಣ್ಣಲ್ಲಿ ನೀರು. ಅವತ್ತು ಅರೆಹೊಟ್ಟೆಯಲ್ಲಿದ್ದವರನ್ನು ಬೇಡವೆಂದರು, ಅವರು ಮರುದಿನ ಮತ್ತೆ ಬಂದು ಕೊಟ್ಟುಹೋದರು.

ಶಶಿಕುಮಾರ್ ಕೊನೆಯವರಾಗಿ ಬಂದರು. "ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ತಿಲ್ಲ ಸಿಸ್ಟರ್. ಕಾಕಾ ಅವರನ್ನ ಒಂದ್ಸಲ ಕೇಳಿ" ಎಂದರು. ಅವರ ಧ್ವನಿಯಲ್ಲಿ ನಾಚಿಕೆಗಿಂತ ದುಃಖ ಹೆಚ್ಚಿತ್ತು, ಬರುತ್ತೇನೆಂದ ಆಪ್ತರಿಗಾಗಿ ಕಾದು ಕೂತವರ ದುಃಖ.

ಈಗಲಾದರೂ ಹೇಳಿ ಕಾಕಾ. ತಪ್ಪು ಎಲ್ಲಿತ್ತು?

ಯಮುನಾ

*

ಬೆಟಗೇರಿ
21 ಮೇ 2026

ಪ್ರಿಯ ಯಮುನಾ,

ನಿನ್ನ ಕಾಗದವನ್ನು ಓದಿ ಕೆಳಗಿಟ್ಟೆ. ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ.

ತಪ್ಪು ಹುಡುಕಲು ಕೂತ ಮೊದಲ ದಿನವೇ ಅದು ಸಿಕ್ಕಿತ್ತು. ಚಿಕ್ಕ ತಪ್ಪು. ಶಿಲುಬೆಯ ದಿನ ಏಪ್ರಿಲ್ ಮೂರು ಎಂದು ವಿದ್ವಾಂಸರು ಹೇಳುವುದು ರೋಮನರ ಹಳೆಯ ಕ್ಯಾಲೆಂಡರಿನ ತಾರೀಖು. ನಮ್ಮ ಈಗಿನ ಕ್ಯಾಲೆಂಡರಿಗೆ ತಂದರೆ ಅದು ಏಪ್ರಿಲ್ ಒಂದು. ಶಶಿಕುಮಾರ ಇದನ್ನು ಗಮನಿಸಿಲ್ಲ. ನಾನು ಗೆದ್ದೆನೆಂದು ತೊಡೆ ತಟ್ಟಿಕೊಂಡೆ. ಆಮೇಲೆ ಆ ಎರಡು ದಿನವನ್ನು ತಿದ್ದಿ ಲೆಕ್ಕವನ್ನು ಮತ್ತೆ ಕೊನೆಯವರೆಗೆ ತಂದೆ.

ತಿದ್ದಿದ ಲೆಕ್ಕ ಬಂದು ನಿಂತದ್ದು ಮೇ ಎಂಟು, ಶುಕ್ರವಾರ.

ಕರ್ತನು ಶಿಲುಬೆಯ ಮೇಲೆ ಪ್ರಾಣ ಬಿಟ್ಟದ್ದು ಶುಕ್ರವಾರ. ಹಗಲು ಮೂರು ಗಂಟೆಗೆ. ದಾನಿಯೇಲನ ಬಳಿಗೆ ದೂತ ಬಂದ ಸಂಜೆಬಲಿಯ ಹೊತ್ತೂ ಅದೇ. ತಪ್ಪನ್ನು ತೆಗೆದರೆ ಲೆಕ್ಕ ಬೀಳಬೇಕಿತ್ತು. ಅದು ಇನ್ನಷ್ಟು ನೆಟ್ಟಗೆ ಎದ್ದು ನಿಂತಿತು. ಪಾಟಿ ಅಳಿಸಿ ಮತ್ತೆ ಮಾಡಿದೆ. ಮೇಲಿನಿಂದ, ಕೆಳಗಿನಿಂದ. ಶುಕ್ರವಾರವೇ. ಅದರ ಮರುದಿನ ನಿನ್ನ ಎರಡನೆಯ ಕಾಗದ ಮತ್ತೆ ಓದಿದೆ, ಆಸ್ಪತ್ರೆಯವರು ಮಗುವಿಗೆ ಕೊಟ್ಟ ದಿನ ಯಾವುದೆಂದು ನೋಡಿದೆ. ಆಗಲೇ ನನಗೆ ಊಟ ಸೇರದೆ ಹೋದದ್ದು.

ನಿನಗೆ ಏನೆಂದು ಬರೆಯಲಿ? ರುದ್ರೇಶನಿಗೆ ಇದು ತಿಳಿದಿದ್ದರೆ ಸಹಿ ಹಾಕುತ್ತಿರಲಿಲ್ಲ. ಲೆಕ್ಕ ಸುಳ್ಳೆಂದು ಬರೆಯಲು ಕೈ ಬರಲಿಲ್ಲ, ಏಕೆಂದರೆ ಸುಳ್ಳೆಂದು ನನಗೆ ಅನ್ನಿಸಲಿಲ್ಲ. ಐವತ್ತು ವರ್ಷ ಬೇರೆಯವರಿಗೆ ಆತ ಬರುತ್ತಾನೆ ಎಂದು ಹೇಳಿದವನು ನಾನು. ಬರಬಹುದು, ಈ ಬೇಸಿಗೆಯಲ್ಲೇ, ಎಂದು ಮೊದಲ ಬಾರಿಗೆ ನನಗೇ ಹೊಳೆದಾಗ ಹಿತ್ತಲಿಗೆ ಹೋಗಿ ಕೂತು ಆಕಾಶ ನೋಡತೊಡಗಿದೆ. ನಾನು ಒಳಗೊಳಗೆ ನಗುತ್ತ ಬರೆದೆನೆಂದು ನೀನು ತಿಳಿದುಕೊಂಡೆ. ರುದ್ರೇಶನಿಗೆ ಬರೆದ ಒಂದೊಂದು ಮಾತನ್ನೂ ಆತನ ಮುಖದೆದುರು ನಿಂತಂತೆ ಬರೆದೆ.

ಶುಕ್ರವಾರ ನಾನು ಮಿಂದು ಬಿಳಿ ಅಂಗಿ ಹಾಕಿಕೊಂಡೆ. ಚನ್ನಕ್ಕಳಿಗೆ ಹೇಳಲಿಲ್ಲ. ಅವಳು ಮಾಳಿಗೆಯ ಮೇಲೆ ಸಂಡಿಗೆ ಹಾಕಿದ್ದಳು. ಕೈಗೆ ಕೋಲು ಕೊಟ್ಟು, ಪಾಟಿಯ ಮೇಲೆ "ಕಾಗಿ ಬರತಾವ, ಕಾಯ್ರಿ" ಎಂದು ಬರೆದಳು. ಹೀಗೆ ನಾನು ಕರ್ತನಿಗಾಗಿ ಕಾಯುತ್ತ ಸಂಡಿಗೆ ಕಾದೆ.

ಮೂರು ಗಂಟೆಯಾಗುತ್ತ ಬಂದಾಗ ಎದ್ದು ನಿಂತೆ. ನನಗೆ ಸದ್ದು ಕೇಳಿಸದು, ಆತನ ದೂತರು ತುತ್ತೂರಿ ಊದಿದರೂ ನೋಡಿಯೇ ತಿಳಿಯಬೇಕು. ಎದುರು ಮನೆಯ ಹೆಂಚು, ತಂತಿಯ ಮೇಲಿನ ಸೀರೆ, ಬೇವಿನ ಮರ, ಎಲ್ಲವನ್ನೂ ಕಡೆಯ ಸಲ ನೋಡುವವನಂತೆ ನೋಡಿದೆ. ಹಾಗೆ ನೋಡಿದರೆ ಅವು ಮೊದಲ ಸಲ ಕಂಡಂತೆ ಕಾಣುತ್ತವೆ ಮಗಳೇ. ಒಂದು ಕಾಗೆ ಬಂದು ಸಂಡಿಗೆಯ ಪಕ್ಕ ಕೂತಿತು. ಅದನ್ನು ಓಡಿಸಲು ನನಗೆ ಮನಸ್ಸು ಬರಲಿಲ್ಲ. ಅದರ ಕಪ್ಪಿನಲ್ಲಿ ನೀಲಿ ಇತ್ತು, ನೀಲಿಯಲ್ಲಿ ಹಸಿರು. ಇಷ್ಟು ವರ್ಷ ನಾನು ಕಾಗೆಯನ್ನು ನೋಡಿಯೇ ಇರಲಿಲ್ಲ.

ಮೂರು ದಾಟಿತು. ಆಕಾಶ ಹಾಗೆಯೇ ಇತ್ತು. ನಾನು ಕೂತು ಅತ್ತೆ. ಸೋತೆನೆಂದೋ ಉಳಿದೆನೆಂದೋ ಗೊತ್ತಾಗಲಿಲ್ಲ. ಮೊನ್ನೆ ನಿನ್ನ ಕಾಗದ ಬಂತು. ನಾನು ಮಾಳಿಗೆಯ ಮೇಲೆ ನಿಂತಿದ್ದ ಹೊತ್ತಿನಲ್ಲಿ ಅಲ್ಲಿ ಒಂದು ಕೋಣೆಯಲ್ಲಿ ಯಾರೂ ಮಾತಾಡದೆ ನಿಂತಿದ್ದರು, ನಿಂತ ಒಂದು ಎದೆ ಮತ್ತೆ ಬಡಿಯತೊಡಗಿತು.

ಇದರ ಅರ್ಥವೇನೆಂದು ಕೇಳಬೇಡ. ಆತ ಬಂದನೆಂದು ನಾನು ಹೇಳುವುದಿಲ್ಲ. ಬರೀ ಕಾಕತಾಳೀಯವೆಂದೂ ನನ್ನ ಬಾಯಲ್ಲಿ ಬರುತ್ತಿಲ್ಲ. ಬದುಕಿಡೀ ಅರ್ಥ ಹೇಳಿದವನು ಹೇಳುತ್ತಿದ್ದೇನೆ, ಇದಕ್ಕೆ ಅರ್ಥ ಹೇಳಲಾರೆ. ಬಾಯಿ ಮುಚ್ಚಿ ತಲೆಬಾಗುವುದಷ್ಟೇ ಗೊತ್ತು.

ಶಶಿಕುಮಾರನಿಗೆ ಹೇಳಬೇಕೋ ಬೇಡವೋ ನೀನೇ ನಿರ್ಧರಿಸು. ಹೇಳಿದರೆ ಆತನ ದುಃಖ ಕರಗಬಹುದು, ಹೊಸ ಲೆಕ್ಕವೂ ಹುಟ್ಟಬಹುದು. ನಾನು ಇಲ್ಲಿಂದ ಆ ಮನುಷ್ಯನ ಮುಖ ಕಾಣಲಾರೆ. ನೀನು ಕಾಣುತ್ತೀಯ.

ಕಾಕಾ

*

ಚಂದಾಪುರ
7 ಜೂನ್ 2026

ಪೂಜ್ಯ ಕಾಕಾ,

ನಿಮ್ಮ ಕಾಗದವನ್ನು ರುದ್ರೇಶರಿಗೆ ಓದಿ ಹೇಳಿದೆ. ಅರ್ಧಕ್ಕೆ ಎದ್ದು ಹೋಗಿ ಶಾಂತಿಯ ಪಕ್ಕ ಮಲಗಿಕೊಂಡರು. "ಮುಂದ ಓದು, ಇಲ್ಲಿಂದನ ಕೇಳತೀನಿ" ಎಂದರು. ಓದಿ ಮುಗಿಸಿದ ಮೇಲೆ, "ಅವತ್ತ ಗೊತ್ತಿದ್ರ ಆಕಿನ್ನ ಒಳಗ ಕಳಸತಿದ್ದಿಲ್ಲ" ಎಂದರು. ಮಗುವಿನ ಹೊದಿಕೆ ಸರಿಮಾಡಿ, "ಕಾಕಾರಿಗೆ ಗೊತ್ತಿತ್ತು. ಗೊತ್ತಿದ್ದೂ ಕಳಸಂದ್ರು" ಎಂದರು. ಅದನ್ನು ಅವರು ಹೇಳಿದ ರೀತಿಯನ್ನು ಬರೆದು ತಿಳಿಸಲು ನನಗೆ ಬರುವುದಿಲ್ಲ.

ಮುಚ್ಚಿಟ್ಟಿರೆಂದು ನನಗೆ ಮೊದಲು ಸಿಟ್ಟು ಬಂತು. ಸಂಜೆಯಾಗುವಷ್ಟರಲ್ಲಿ ಇಳಿಯಿತು. ಇಷ್ಟು ದಿನ ಅದನ್ನು ನೀವೊಬ್ಬರೇ ಹೊತ್ತುಕೊಂಡಿದ್ದಿರಲ್ಲ.

ಕೂಟ ಮುಚ್ಚಿಲ್ಲ. ಕೆಲವರು ಬಿಟ್ಟರು, ಕೆಲವರು ಇದ್ದಾರೆ. ಗೋಡೆಯ ಮೇಲಿದ್ದ ತಾರೀಖಿನ ಮೇಲೆ ಸುಣ್ಣ ಬಳಿದಿದ್ದಾರೆ. ತಬ್ಬಿಕೊಂಡಿದ್ದ ಆ ಅಣ್ಣತಮ್ಮ ಈಗಲೂ ಒಂದೇ ಬೈಕಿನಲ್ಲಿ ಕೆಲಸಕ್ಕೆ ಹೋಗುತ್ತಾರೆ.

ಇವತ್ತು ಮಧ್ಯಾಹ್ನ ಶಶಿಕುಮಾರ್ ಶಾಂತಿಯನ್ನು ನೋಡಲು ಬಂದಿದ್ದರು. ಕಿತ್ತಳೆ ತಂದಿದ್ದರು. ಬಹಳ ಇಳಿದುಹೋಗಿದ್ದಾರೆ. ಹೇಳಿಬಿಡಬೇಕೆಂದು ನಿಮ್ಮ ಕಾಗದವನ್ನು ಕೈಗೆ ತೆಗೆದುಕೊಂಡೆ. "ಅಣ್ಣಾ, ಕಾಕಾ ಉತ್ತರ ಬರೆದಿದ್ದಾರೆ" ಎಂದೆ. ಅವರು ತಲೆಯೆತ್ತಿದರು.

ಅಷ್ಟರಲ್ಲಿ ಶಾಂತಿ ಫ್ರಾಕಿನ ಗುಂಡಿ ಬಿಚ್ಚಿ ಎದೆಯ ಮೇಲಿನ ಉದ್ದ ಗಾಯ ತೋರಿಸಿದಳು. "ಅಂಕಲ್, ಇಲ್ಲಿ ಜಿಪ್ ಹಾಕಿದಾರೆ. ಒಳಗೆ ಸೌಂಡ್ ಬರ್ತದೆ. ಕಿವಿ ಇಡಿ."

ಅವರು ಹಿಂಜರಿದು ನಮ್ಮ ಮುಖ ನೋಡಿದರು. ರುದ್ರೇಶ್ ತಲೆಯಾಡಿಸಿದರು. ಶಶಿಕುಮಾರ್ ಚಾಪೆಯ ಮೇಲೆ ಬಾಗಿ, ಗಾಯಕ್ಕೆ ತಾಗದಂತೆ ಮೆಲ್ಲಗೆ ಕಿವಿಯಿಟ್ಟರು. ಅವರ ಕಣ್ಣು ಮೊದಲು ತೆರೆದಿತ್ತು, ಆಮೇಲೆ ಮುಚ್ಚಿಕೊಂಡಿತು. ಕೆಳಗೆ ಮುನಿಯಕ್ಕ ಪಾತ್ರೆ ಬೆಳಗುತ್ತಿದ್ದ ಸದ್ದು ನಿಂತಿತು. ಶಶಿಕುಮಾರ್ ಎಷ್ಟು ಹೊತ್ತು ಹಾಗೆ ಇದ್ದರೋ. ಎದ್ದಾಗ ಅವರ ಮುಖದಲ್ಲಿ ಪ್ರಶ್ನೆ ಇರಲಿಲ್ಲ.

"ಕಾಕಾ ಏನ್ ಬರ್ದಿದಾರೆ ಸಿಸ್ಟರ್?" ಎಂದು ಕೇಳಿದರು. ಬರೀ ಮರ್ಯಾದೆಗೆ ಕೇಳಿದಂತಿತ್ತು.

ನಾನು ಕಾಗದವನ್ನು ಅವರ ಮುಂದೆ ಚಾಪೆಯ ಮೇಲೆ ಇಟ್ಟೆ. "ನೀವೇ ಓದಿ ಅಣ್ಣಾ."

ಅವರು ಅದನ್ನು ಎತ್ತಿಕೊಳ್ಳಲಿಲ್ಲ. ಒಂದು ಕಿತ್ತಳೆ ತೆಗೆದುಕೊಂಡು ಸಿಪ್ಪೆ ಸುಲಿಯತೊಡಗಿದರು. ಒಂದೊಂದೇ ತೊಳೆಯ ನಾರು ತೆಗೆದು, ಬೀಜ ತೆಗೆದು, ಮಗುವಿನ ಕೈಗೆ ಕೊಟ್ಟರು. ಇಡೀ ಹಣ್ಣು ಮುಗಿಯುವವರೆಗೆ ನಾವು ಯಾರೂ ಮಾತಾಡಲಿಲ್ಲ. ಶಾಂತಿ ತಿಂದು, ಬಾಯಿ ಒರೆಸಿಕೊಂಡು, ಇನ್ನೊಂದು ಕೊಡಿ ಎಂದಳು.

ನಿಮ್ಮ ಮಗಳು,
ಯಮುನಾ